ಮೂರು ಹೆಸರು, ಚೇಳು ಒಂದೇ
ಪುಣೆಯ ನಿಮ್ಮ ಕಾಲೇಜಿನಲ್ಲಿ ಚೇಳುಗಳನ್ನಿಟ್ಟ ಜಾಡಿಗಳ ಮೇಲೆ ಬ್ಯುಥಸ್ ಟ್ಯಾಮುಲಸ್, ಮೆಸೊಬ್ಯುಥಸ್ ಟ್ಯಾಮುಲಸ್, ಹೊಟೆಂಟೊಟ್ಟ ಟ್ಯಾಮುಲಸ್ ಎಂದು ಮೂರು ಥರ ಬರೆದಿದೆ, ಯಾವುದು ಸರಿ ಎಂದು ಕೇಳಿದ್ದೀರಿ. ಮೂರೂ ಒಂದೇ ಕೆಂಪು ಚೇಳಿನವು. ಈಗ ಚಾಲ್ತಿಯಲ್ಲಿರುವುದು ಕೊನೆಯದು. 1798ರಲ್ಲಿ ಇದಕ್ಕೆ ಮೊದಲು ಹೆಸರಿಟ್ಟ ಫ್ಯಾಬ್ರಿಷಿಯಸ್ ಇದನ್ನು ಸ್ಕಾರ್ಪಿಯೊ ಕುಲದಲ್ಲಿಟ್ಟಿದ್ದರು (ಜೋಡಿ ಹೆಸರಿನ ಮೊದಲ ಪದವೇ ಕುಲ). ಆಮೇಲೆ ಕುಲ ಬದಲಾಗಿದ್ದರಿಂದಲೇ ಚೇಳಿನ ಹೆಸರಿನ ಮುಂದೆ ಬರೆಯುವ ಅವರ ಹೆಸರು, ವರ್ಷ ಆವರಣ ಚಿಹ್ನೆಯೊಳಗೆ ಬರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. 2007ರಲ್ಲಿ ಚೇಳು ತಜ್ಞ ಕೊವಾರಿಕ್ ಇದನ್ನು ಹೊಟೆಂಟೊಟ್ಟಕ್ಕೆ ತಂದರು.

ಹಳೆಯ ಚೀಟಿ ಮಾತ್ರ ಎಸೆಯಬೇಡಿ, ಹಿಡಿದ ಜಾಗ, ತಾರೀಖು ಅದರಲ್ಲೇ ಇರುತ್ತದೆ. ಹೊಸ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಜಾಡಿಯೊಳಗೇ ಹಾಕಿ. ಬಾಲ್‌ಪೆನ್ ಶಾಯಿ ಆಲ್ಕೊಹಾಲ್‌ನಲ್ಲಿ ಬಿಟ್ಟುಕೊಳ್ಳುತ್ತದೆ. ಅದಕ್ಕೂ ಮೊದಲು ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ: ಮಹಾರಾಷ್ಟ್ರದಲ್ಲೇ ಹೊಟೆಂಟೊಟ್ಟ ಪ್ಯಾಕಿಯುರಸ್ ಎಂಬ ಇನ್ನೊಂದು ಚೇಳು ಕೂಡ ಇದೆ. ಬಣ್ಣ ನಂಬಬೇಡಿ, ಆಲ್ಕೊಹಾಲ್‌ನಲ್ಲಿ ಮಾಸುತ್ತದೆ. ಹೊಟ್ಟೆಯಡಿಯಲ್ಲಿರುವ ಬಾಚಣಿಗೆಯಂಥ ಅಂಗದ ಹಲ್ಲು ಎಣಿಸಿ, ಬಾಲದ ಗೆಣ್ಣುಗಳ ಉದ್ದ-ಅಗಲ ಅಳೆಯಿರಿ.