ಬಂಗುಡೆಯ ಹಣೆಯಲ್ಲಿ ನಾಮ

ಮಲ್ಪೆಯ ಓದುಗರೊಬ್ರು ಬರ್ದಿದ್ದಾರೆ: ಜೂನ್ ತಿಂಗಳ ಮಳೆಯಲ್ಲಿ ಬಂದರಿನ ಹತ್ರ ಬಲೆ ರಾಶಿಯ ಅಡಿಯಲ್ಲಿ ಚಂಡಿಯಾಗಿ ನಡುಗ್ತಿದ್ದ ಹೆಣ್ಣು ನಾಯಿಮರಿಯೊಂದನ್ನ ಮನೆಗೆ ತಂದ್ರಂತೆ. ಮೈ ಕಂದು, ಬೆನ್ನಲ್ಲಿ ಅಲೆ ಅಲೆ ಕಪ್ಪು ಗೆರೆ, ಅದಕ್ಕೇ ಮೀನಿನ ಹೆಸ್ರು, ಬಂಗುಡೆ. ಹಣೆಯಲ್ಲಿ ಉದ್ದಕ್ಕೆ ಬಿಳಿ ನಾಮ, ನಾಲ್ಕೂ ಪಾದ ಬಿಳಿ, ಬಾಲದ ತುದಿಯೂ ಬಿಳಿ. ಹಣೆ ಬಿಳಿ ಇದ್ದ ನಾಯಿ ಮನೆಗೆ ಆಗಿ ಬರೂದಿಲ್ಲ ಅಂತ ಪಕ್ಕದ ಮನೆಯವ್ರು, ಇದು ಎಂತ ಬ್ರೀಡ್ ಅಂತ ಮೈದುನ, ಈಗ ಬಿಳಿ ಕಾಲಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆ ಬೇರೆ ಶುರುವಾಗಿದೆ, ಎಂತ ಮಾಡುದು?

ಅಕ್ಕ, ಮೊದ್ಲು ಪಕ್ಕದ ಮನೆಯವ್ರದ್ದು ಮುಗಿಸುವ. ಅಷ್ಟಮಠದ ಊರಲ್ಲಿ ಹುಟ್ಟುವಾಗ್ಲೇ ನಾಮ ಹಾಕ್ಕೊಂಡು ಬಂದದ್ದು ಅಪಶಕುನ ಆಗುದು ಹೇಗೆ ಅಂತ ಒಮ್ಮೆ ಕೇಳಿ ನೋಡಿ. ಮತ್ತೆ ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್ ಬೋಟ್ ಕಡಲಿಗೆ ಇಳಿಯೂದಿಲ್ಲ, ಬಂದರಿನ ನಾಯಿಗಳಿಗೆ ಮೀನಿನ ತಲೆ ಬಾಲವೂ ಸಿಗೂದು ಕಷ್ಟ, ಅಂಥಾ ಹೊತ್ತಲ್ಲಿ ನಿಮ್ಮ ಕೈಗೆ ಸಿಕ್ಕಿದ್ದು ಅದ್ರ ಒಳ್ಳೆ ಶಕುನ ಅಂತ ನಾನು ಹೇಳ್ತೇನೆ.

ಈ ಬಿಳಿ ಬರೂದು ಹೇಗೆ ಅಂದ್ರೆ, ಮರಿ ತಾಯಿ ಹೊಟ್ಟೆಯಲ್ಲಿರುವಾಗ ಬಣ್ಣ ಮಾಡುವ ಜೀವಕೋಶಗಳು ಮೊದ್ಲು ಬೆನ್ನಿನ ಉದ್ದಕ್ಕೆ ಹುಟ್ತವೆ, ಅಲ್ಲಿಂದ ಹೊರಟು ಪಕ್ಕೆ, ಹೊಟ್ಟೆ, ಕಾಲು, ಮುಖ ಅಂತ ಹರಡ್ತಾ ಹೋಗ್ಬೇಕು. ಕೆಲವು ನಾಯಿಗಳಲ್ಲಿ ಅವು ಕೊನೆ ಸ್ಟಾಪಿನವರೆಗೆ ಹೋಗೂದೇ ಇಲ್ಲ, ಎದೆ, ಪಾದ, ಬಾಲದ ತುದಿ, ಹಣೆಯ ನಡು ಹಾಗೇ ಬಿಳಿ ಉಳೀತದೆ. ಎಷ್ಟು ದೂರ ಹೋಗ್ತವೆ ಅನ್ನೋದ್ರಲ್ಲಿ ಜೀನ್ ಜೊತೆ ಸ್ವಲ್ಪ ಆಕಸ್ಮಿಕವೂ ಉಂಟು, ಹಾಗಾಗಿ ಬಂಗುಡೆಯ ಒಡಹುಟ್ಟಿದವುಗಳಿಗೂ ಇದೇ ನಾಮ ಇರ್ಬೇಕು ಅಂತ ಏನೂ ಇಲ್ಲ. 1959ರಲ್ಲಿ ಸೈಬೀರಿಯಾದಲ್ಲಿ ಡಿಮಿತ್ರಿ ಬೆಲ್ಯಾಯೆವ್ ಅನ್ನೋ ವಿಜ್ಞಾನಿ ಸಾಧು ಸ್ವಭಾವದ ನರಿಗಳನ್ನೇ ಆರಿಸಿ ಮರಿ ಹಾಕಿಸ್ಲಿಕ್ಕೆ ಶುರು ಮಾಡಿದ್ರು, ಕೆಲವು ತಲೆಮಾರಲ್ಲಿ ಅವಕ್ಕೂ ಹಣೆಯಲ್ಲಿ ಬಿಳಿ ಚುಕ್ಕೆ ಕಾಣಿಸ್ಕೊಂಡ್ತು. ಸಾಧು ಆದದ್ದಕ್ಕೇ ಬಿಳಿ ಬಂತು ಅಂತ ಎಲ್ರೂ ಒಪ್ಪೂದಿಲ್ಲ, ಆ ನರಿಗಳ ಮೂಲ ಕೆನಡಾದ ಫಾರ್ಮುಗಳು, ಅಲ್ಲೇ ಇಂಥಾ ಗುರುತು ಇತ್ತು ಅನ್ನೋ ವಾದ ಉಂಟು. ಏನಿದ್ರೂ ಹಣೆ ಬಿಳಿ ಇದ್ದದ್ದು ಕೆಟ್ಟದ್ದು ಅಂತ ಯಾರೂ ಹೇಳ್ಲಿಲ್ಲ.

ಮೈದುನನ ಪ್ರಶ್ನೆಗೆ ಮಲ್ಪೆ ಬ್ರೀಡ್ ಅಂತ ಹೇಳಿ ಸುಮ್ನಿರಿ. ಹುಲಿಪಟ್ಟೆ ಬಾಕ್ಸರ್ ನಾಯಿಗೂ ಉಂಟು, ನಮ್ಮ ಬೀದಿ ನಾಯಿಗೂ ಉಂಟು, ಮೈಬಣ್ಣ ನೋಡಿ ಜಾತಿ ಹೇಳ್ಲಿಕ್ಕೆ ಆಗೂದಿಲ್ಲ. ನಾಯಿಗಳ ಅಷ್ಟೂ ಬಣ್ಣ ಬರೂದು ಎರಡೇ ವರ್ಣದ್ರವ್ಯದಿಂದ, ಒಂದು ಕಪ್ಪು, ಒಂದು ಕೆಂಪು-ಹಳದಿ. ಆದ್ರೆ ಎಲ್ಲಿ ಯಾವ್ದು ಅನ್ನೋ ಲೆಕ್ಕ ಒಂದೊಂದು ನಾಯಿಗೂ ಬೇರೆ, ಬಂಗುಡೆಯ ಬಲಪಕ್ಕೆಯ ಗೆರೆ ಎಡಪಕ್ಕೆಗೇ ಹೊಂದೂದಿಲ್ಲ, ಸರಿಯಾಗಿ ನೋಡಿ.

ಕಾಲಿನ ಚುಕ್ಕೆಗೆ ಹೆದರ್ಬೇಡಿ. ಬಿಳಿ ಜಾಗದಲ್ಲಿ ಹುಟ್ಟಿದ ಮೇಲೆ ಚುಕ್ಕೆ ಮೂಡೂದು ಉಂಟು, ಡಾಲ್ಮೇಶಿಯನ್ ಮರಿ ಹುಟ್ಟುವಾಗ ಪೂರ್ತಿ ಬಿಳಿಯೇ ಇರ್ತದೆ. ಆದ್ರೆ ಕೂದಲು ಉದುರಿ ಉರುಟು ಕಲೆ ಆದ್ರೆ, ಇಲ್ಲಾ ತುಂಬಾ ಕೆರ್ಕೊಳ್ತಾ ಇದ್ರೆ ಅದು ಬೇರೆ ವಿಷ್ಯ, ನಮ್ಮ ಮಳೆಗಾಲದಲ್ಲಿ ಫಂಗಸ್ ಸಾಮಾನ್ಯ, ಡಾಕ್ಟರ್ ಹತ್ರ ತೋರಿಸಿ. ಹೇಗೂ ಮೂರು ತಿಂಗಳಾಗುವಾಗ ರೇಬೀಸ್ ಇಂಜೆಕ್ಷನ್‌ಗೆ ಹೋಗ್ಲೇಬೇಕಲ್ಲ.

ಒಂದು ಕೆಲ್ಸ ಮಾತ್ರ ಇವತ್ತೇ ಮಾಡಿ. ಎಡಪಕ್ಕೆ, ಬಲಪಕ್ಕೆ, ಹಣೆ, ಬಾಲ, ಎಲ್ಲದ್ದೂ ಬೇರೆ ಬೇರೆ ಫೋಟೋ ತೆಗೆದು ಮೊಬೈಲಲ್ಲಿ ಇಟ್ಕೊಳ್ಳಿ. ದೀಪಾವಳಿ ಪಟಾಕಿಗೆ ಹೆದರಿ ಗೇಟು ಹಾರಿ ಹೋದ ನಾಯಿ ಎಷ್ಟಿಲ್ಲ, ಆಗ "ಕಂದು ನಾಯಿ ಕಾಣೆ" ಅಂತ ವಾಟ್ಸಾಪಲ್ಲಿ ಹಾಕಿದ್ರೆ ಯಾರಿಗೂ ಗೊತ್ತಾಗೂದಿಲ್ಲ ಮಾರಾಯ್ರೆ. ನಮಗೂ ಒಂದು ಕಳಿಸಿ, ಪತ್ರದ ಜೊತೆ ಬಂದದ್ರಲ್ಲಿ ಬಂಗುಡೆಯ ಬಾಲ ಮಾತ್ರ ಉಂಟು, ಉಳಿದದ್ದೆಲ್ಲ ನಿಮ್ಮ ಸೋಫಾ.