ಐದನೇ ಪುಟದ ದೀಪ ಯಾಕೆ ಆರಲಿಲ್ಲ?

ಪ್ರಿಯರೇ,

ನಮ್ಮ ದೀಪಾವಳಿ ಸೂಪರ್‌ಹೀರೋ ಕಾಮಿಕ್ಸ್ ಸಂಕಲನಕ್ಕೆ ನೀವು ಕಳಿಸಿದ ಎಂಟು ಪುಟದ ಸ್ಕ್ರಿಪ್ಟ್ ಓದಿದೆ. ನಿಮ್ಮ 'ಕಿಡಿ' ಒಳ್ಳೆಯ ಪಾತ್ರ. ಹಗಲು ಮಲೆನಾಡಿನ ಸಾಗರ ಪಟ್ಟಣದ ಕಡೆಯ ಲೈನ್‌ಮನ್, ರಾತ್ರಿ ಅಂಗೈಯಿಂದ ಮಿಂಚು ಹಾರಿಸುವ ಹೀರೋ. ಮಾತುಕತೆ ಸಹಜವಾಗಿದೆ, ಕೈಬರಹವೂ ಚೆನ್ನಾಗಿದೆ. ಇನ್ನು ನನ್ನನ್ನು ಕಾಡಿದ ವಿಷಯಕ್ಕೆ ಬರುತ್ತೇನೆ.

ಮೊದಲನೇ ಪುಟದ ಎರಡನೇ ಚೌಕ ನೋಡಿ. ಚಿತ್ರಕಾರರಿಗೆ ನೀವು ಬರೆದಿರುವುದು: 'ಅಜ್ಜಿ ಬಚ್ಚಲ ಹಂಡೆಗೆ ನೀರು ತುಂಬುತ್ತಿದ್ದಾಳೆ. ಹಂಡೆಯ ಕತ್ತಿಗೆ ಹಿಂಡ್ಲೆಕಾಯಿ ಬಳ್ಳಿ.' ಸೊಗಸಾಗಿದೆ. ಅದರ ಮೇಲೆ ಕ್ಯಾಪ್ಶನ್, ಅಂದರೆ ಕಥೆ ಹೇಳುವ ಪಟ್ಟಿ: 'ಅಂದು ನೀರು ತುಂಬುವ ಹಬ್ಬ. ಅಜ್ಜಿ ಹಂಡೆಗೆ ನೀರು ತುಂಬುತ್ತಿದ್ದಳು.' ಅದರ ಕೆಳಗೆ ಅಜ್ಜಿಯ ಮಾತಿನ ಬಲೂನು: 'ಹಂಡೆಗೆ ನೀರು ತುಂಬ್ತಾ ಇದೀನಿ ಮಗಾ, ನಾಳೆ ಬೆಳಿಗ್ಗೆ ಎಣ್ಣೆ ಸ್ನಾನ.' ಒಂದು ಹಂಡೆಗೆ ಮೂರು ಸಲ ನೀರು! ಓದುವವರಿಗೆ ಕಣ್ಣಿದೆ. ಆ ಬಳ್ಳಿ ಕಂಡ ಕೂಡಲೇ ಮಲೆನಾಡಿನವರಿಗೆ ಯಾವ ದಿನ ಅಂತ ತಿಳಿಯುತ್ತದೆ. ಬೇರೆ ಊರಿನವರಿಗೆ 'ನಾಳೆ ಎಣ್ಣೆ ಸ್ನಾನ' ಅನ್ನುವ ಎರಡು ಮೂರು ಪದ ಸಾಕು. ಉಳಿದದ್ದನ್ನು ಹೊಡೆದು ಹಾಕಿ.

ಎರಡನೇ ಪುಟದಲ್ಲಿ ಕಿಡಿ ಕಂಬ ಹತ್ತುತ್ತಾನೆ. ಕ್ಯಾಪ್ಶನ್ ಹೇಳುತ್ತದೆ, 'ಕಿಡಿ ಕಂಬ ಹತ್ತಿದ.' ಆರನೇ ಪುಟದಲ್ಲಿ, ಖಳನಾಯಕ ತಮಾಸುರ ಎದುರಿಗಿದ್ದಾಗ, 'ತನ್ನೆಲ್ಲ ಶಕ್ತಿಯನ್ನು ಒಗ್ಗೂಡಿಸಿ ತಮಾಸುರನ ಮೇಲೆ ಎರಗಿದ.' ಎರಗುವುದನ್ನು ಚಿತ್ರಕಾರರು ಅರ್ಧ ಪುಟ ಬಿಡಿಸಿರುತ್ತಾರೆ. ಅವರ ಕೆಲಸದ ಮೇಲೆ ಈ ಪಟ್ಟಿ ಯಾಕೆ ಅಂಟಿಸುತ್ತೀರಿ?

ಕ್ಯಾಪ್ಶನ್ ಬೇಡವೇ ಬೇಡ ಅನ್ನುತ್ತಿಲ್ಲ. ನಾಲ್ಕನೇ ಪುಟದಲ್ಲಿ ಊರಿನ ಬೆಳಕೆಲ್ಲ ಹೋಗುತ್ತದೆ. ಚೌಕ ಪೂರ್ತಿ ಕಪ್ಪು. ಅಲ್ಲಿ ನೀವು ಬರೆದದ್ದು: 'ಮೂರು ಮನೆ ಆಚೆಗಿನ ಮಿಕ್ಸಿ ತಟ್ಟನೆ ನಿಂತಿತು.' ಇದು ನನಗೆ ತುಂಬಾ ಹಿಡಿಸಿತು. ಸದ್ದು ನಿಂತದ್ದನ್ನು ಯಾವ ಚಿತ್ರವೂ ತೋರಿಸಲಾರದು. ಇದನ್ನು ಬರೆದವರೇ 'ಕಂಬ ಹತ್ತಿದ' ಅಂತಲೂ ಬರೆದರಲ್ಲ ಅಂತ ನನಗೆ ಸಿಟ್ಟು ಬಂದಿದ್ದು.

ನಾನು ಕೆಲಸ ಕಲಿತದ್ದು ಒಂದು ಮಕ್ಕಳ ಪತ್ರಿಕೆಯಲ್ಲಿ. ಇಂಗ್ಲಿಷ್ ಚಿತ್ರಕಥೆಗಳ ಬಲೂನಿನೊಳಗೆ ಕನ್ನಡ ಕೂರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲಿನ ನಡುವೆ ಜಾಗ ಬಿಡದಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷಿನಲ್ಲಿ ಐದು ಸಾಲು ಹಿಡಿಸಿದ್ದ ಬಲೂನಿನಲ್ಲಿ ನಮಗೆ ಸಿಗುತ್ತಿದ್ದದ್ದು ಮೂರೇ ಸಾಲು. ಅಲ್ಲಿ ಬಲೂನಿನ ಅಕ್ಷರ ಬರೆಯುವ ಹಿರಿಯರೊಬ್ಬರಿದ್ದರು. ನಾನು ಮ್ಯಾಟರ್ ತಂದುಕೊಟ್ಟರೆ ಓದುವುದಕ್ಕೂ ಮೊದಲು ಒಂದು ಪೋಸ್ಟ್‌ಕಾರ್ಡಿನಿಂದ ಕ್ಯಾಪ್ಶನ್ ಮುಚ್ಚಿ ಚಿತ್ರ ಮಾತ್ರ ತೋರಿಸುತ್ತಿದ್ದರು. 'ಕಥೆ ತಿಳೀತಾ? ತಿಳೀತು ಅಂದ್ರೆ ನನ್ನ ಕೈಲಿ ಇದನ್ನ ಯಾಕೆ ಬರೆಸ್ತೀರಿ?' ಉಳಿಸಿಕೊಳ್ಳುವ ಒಂದೊಂದು ಪದಕ್ಕೂ ಅವರಿಗೆ ಕಾರಣ ಕೊಡಬೇಕಿತ್ತು. ಪುಟ ನೋಡುವುದನ್ನು ನನಗೆ ಕಲಿಸಿದ್ದು ಅವರೇ. ನಿಮ್ಮ ಸ್ಕ್ರಿಪ್ಟನ್ನೂ ನಾನು ಹಾಗೇ ಓದಿದೆ.

ಎರಡನೆಯದು ಇನ್ನೂ ದೊಡ್ಡದು. ನಿಮ್ಮ ಕಥೆಗೆ ದೀಪಾವಳಿ ಬೇಕಾಗಿಯೇ ಇಲ್ಲ. ತಮಾಸುರ ಬಂದು ಬೆಳಕು ನುಂಗುತ್ತಾನೆ, ಕಿಡಿ ಹೊಡೆದಾಡುತ್ತಾನೆ, ಬೆಳಕು ವಾಪಸ್ ಬರುತ್ತದೆ. ಇದು ಮಳೆಗಾಲದ ಯಾವ ಮಂಗಳವಾರವಾದರೂ ನಡೆಯಬಹುದು. ಹಬ್ಬದ ಸಂಕಲನಕ್ಕೆ ಬರೆಯುವಾಗ ಆ ಹಬ್ಬ ಇಲ್ಲದಿದ್ದರೆ ಕಥೆ ಬಿದ್ದು ಹೋಗಬೇಕು.

ಅಮೆರಿಕದವರು ಕ್ರಿಸ್‌ಮಸ್‌ಗೆ ಇಂಥ ಸಂಕಲನ ತರುತ್ತಲೇ ಬಂದಿದ್ದಾರೆ. ಅಲ್ಲೂ ಸುಮ್ನೆ ಹಿಮ ಸುರಿಸಿ ಕೆಂಪು ಟೋಪಿ ತೊಡಿಸಿದ ಕಥೆಗಳೇ ಜಾಸ್ತಿ. ಆದರೆ 1970ರ ಬ್ಯಾಟ್‌ಮ್ಯಾನ್ 219ನೇ ಸಂಚಿಕೆಯಲ್ಲಿ ಮೈಕ್ ಫ್ರೀಡ್ರಿಕ್ ಬರೆದು ನೀಲ್ ಆಡಮ್ಸ್ ಬಿಡಿಸಿದ ಒಂದು ಪುಟ್ಟ ಕಥೆ ಇದೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಕಮಿಷನರ್ ಗಾರ್ಡನ್, ಪೊಲೀಸರ ಜೊತೆ ಹಾಡೋಣ ಬಾ ಅಂತ ಬ್ಯಾಟ್‌ಮ್ಯಾನ್‌ನನ್ನು ಕರೆಯುತ್ತಾರೆ. ಅಪರಾಧ ನಡೆದಿದೆ ಅಂತ ಯಾವಾಗ ಕರೆ ಬರುತ್ತದೋ ಅಂತ ಕಾಯುತ್ತಲೇ ಅವನು ಹಾಡುತ್ತಾನೆ. ಕರೆ ಬರುವುದೇ ಇಲ್ಲ. ಹೀರೋ ಒಂದು ಏಟೂ ಹೊಡೆಯುವುದಿಲ್ಲ. ಇಡೀ ಕಥೆಯಲ್ಲಿ ಮಾತು ಬಹಳ ಕಡಿಮೆ. ಆ ರಾತ್ರಿ ಬಿಟ್ಟು ಬೇರೆ ರಾತ್ರಿ ಇದು ನಡೆಯಲಾರದು.

1989ರಲ್ಲಿ, ಬ್ಯಾಟ್‌ಮ್ಯಾನ್ ಪ್ರಕಾಶಕರಾದ ಡಿಸಿಯ ಕ್ರಿಸ್‌ಮಸ್ ಸಂಕಲನದಲ್ಲಿ ಅಲನ್ ಬ್ರೆನರ್ಟ್ ಬರೆದ ಡೆಡ್‌ಮ್ಯಾನ್ ಕಥೆಯೂ ಹಾಗೇ. ಡೆಡ್‌ಮ್ಯಾನ್ ಸತ್ತವನು, ಯಾರ ಕಣ್ಣಿಗೂ ಕಾಣುವುದಿಲ್ಲ. ತಾನು ಮಾಡುವ ಒಳ್ಳೆಯದಕ್ಕೆ ಯಾರೂ ಕೃತಜ್ಞತೆ ಹೇಳುವುದಿಲ್ಲ ಅಂತ ಕೊರಗುತ್ತಾನೆ. ಅವನ ಮುಂದೆ ಒಬ್ಬ ಹೆಂಗಸು ಬಂದು ಮಾತಾಡುತ್ತಾಳೆ, ಹೆಸರು ಕಾರಾ ಅನ್ನುತ್ತಾಳೆ. ಅವಳು 1985ರ ಕಥೆಯೊಂದರಲ್ಲಿ ಪ್ರಾಣ ಕೊಟ್ಟ ಸೂಪರ್‌ಗರ್ಲ್. ಆ ಲೋಕದಲ್ಲಿ ಅವಳ ನೆನಪೇ ಅಳಿಸಿ ಹೋಗಿದೆ. ಎಲ್ಲರೂ ತಮ್ಮವರ ಜೊತೆ ಕೂತಿರುವ ದಿನವಾದ್ದರಿಂದಲೇ ಅವರಿಬ್ಬರ ಮಾತು ಅಷ್ಟು ತಾಗುತ್ತದೆ.

ಈಗ ನಿಮ್ಮ ಐದನೇ ಪುಟಕ್ಕೆ ಬರೋಣ. ತಮಾಸುರ ಬೀದಿದೀಪ, ಹಣತೆ, ಒಲೆಯ ಬೆಂಕಿ ಎಲ್ಲವನ್ನೂ ನುಂಗಿ ಆಗಿದೆ. ನಾಲ್ಕನೇ ಚೌಕದಲ್ಲಿ ಚಿತ್ರಕಾರರಿಗೆ ಹೀಗೆ ಬರೆದಿದ್ದೀರಿ: 'ಹಿನ್ನೆಲೆಯಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಹೋಗುತ್ತಿದ್ದಾರೆ.'

ಇದನ್ನು ಓದಿ ನಾನು ಕುರ್ಚಿಯಿಂದ ಎದ್ದೆ. ಆ ದೀಪ ಹೇಗೆ ಉಳಿಯಿತು? ನಿಮ್ಮ ಊರಿನ ಪದ್ಧತಿ ನಿಮಗೇ ಗೊತ್ತು. ದೇವಸ್ಥಾನದಲ್ಲಿ ಹಚ್ಚಿದ ದೀಪ ಹಿಡಿದು ರಾತ್ರಿ ಮನೆಮನೆಗೆ ಹಾಡುತ್ತಾ ಹೋಗುತ್ತಾರೆ. ದಾರಿಯಲ್ಲಿ ಅದು ಆರಬಾರದು. ಮನೆಯವರು ಅದಕ್ಕೆ ಎಣ್ಣೆ ಹಾಕುತ್ತಾರೆ, ಅದರಿಂದಲೇ ತಮ್ಮ ದೀಪ ಹಚ್ಚಿಕೊಳ್ಳುತ್ತಾರೆ. ನಿಮ್ಮ ಇಡೀ ಕಥೆ ಅಲ್ಲೇ ಇದೆ. ನೀವು ಅದನ್ನು ಹಿನ್ನೆಲೆಗೆ ಹಾಕಿ, ಮುಂದಿನ ಎರಡು ಪುಟ ಹೊಡೆದಾಟಕ್ಕೆ ಕೊಟ್ಟಿದ್ದೀರಿ. ಅದೂ ಎಂಥ ಹೊಡೆದಾಟ! ಕಿಡಿಯ ಮಿಂಚನ್ನೂ ತಮಾಸುರ ನುಂಗುತ್ತಾನೆ ಅಂತ ಮೂರನೇ ಪುಟದಲ್ಲಿ ನೀವೇ ತೋರಿಸಿದ್ದೀರಿ. ಏಳನೇ ಪುಟದಲ್ಲಿ ಅದೇ ಮಿಂಚಿಗೆ ಅವನು ಸಾಯುತ್ತಾನೆ. ಯಾಕೆ ಅಂತ ಎಲ್ಲೂ ಇಲ್ಲ.

ಕಿಡಿ ಮಿಂಚು ಹಾರಿಸಿದರೆ ತಮಾಸುರನ ಹೊಟ್ಟೆ ತುಂಬುತ್ತದೆ ಅಷ್ಟೇ. ಹಾಗಾದರೆ ಆ ರಾತ್ರಿ ಕಿಡಿ ಏನು ಮಾಡಬಹುದು? ಹಾಡುವವರ ಜೊತೆ ನಡೆಯಬಹುದೇ? ಗಾಳಿಗೆ ಅಂಗೈ ಅಡ್ಡ ಹಿಡಿಯಬಹುದೇ? ಅಂಗೈಯಿಂದ ಒಂದು ಕಿಡಿಯೂ ಹಾರದಂತೆ ತಡೆದುಕೊಳ್ಳುವುದು ಅವನಿಗೆ ಎಷ್ಟು ಕಷ್ಟ? ಇದಕ್ಕೆ ಉತ್ತರ ನೀವೇ ಹುಡುಕಬೇಕು. ನಾನು ಬರೆದುಕೊಟ್ಟರೆ ಅದು ನಿಮ್ಮ ಕಥೆ ಆಗುವುದಿಲ್ಲ, ಅಲ್ವಾ?

ಇನ್ನೊಂದು ತಪ್ಪು. ಹಂಡೆಗೆ ನೀರು ತುಂಬುವುದು ತ್ರಯೋದಶಿಯ ಸಂಜೆ. ಹಾಡುವವರು ಸಾಮಾನ್ಯವಾಗಿ ಹೊರಡುವುದು ಬಲಿಪಾಡ್ಯಮಿಯ ರಾತ್ರಿಯಿಂದ. ನೀವು ಎರಡನ್ನೂ ಒಂದೇ ದಿನಕ್ಕೆ ತಂದಿದ್ದೀರಿ. ಕಥೆಯನ್ನು ಪಾಡ್ಯಕ್ಕೆ ಸರಿಸಿ. ಹಂಡೆಯ ಚೌಕ ಹೋಗುತ್ತದೆ, ಹೋಗಲಿ. ಅಜ್ಜಿಯನ್ನು ಬಾಗಿಲಲ್ಲಿ ಎಣ್ಣೆ ಗಿಂಡಿ ಹಿಡಿದು ನಿಲ್ಲಿಸಿ.

ಕೊನೆಯ ಚೌಕದ 'ಹೀಗೆ ಕತ್ತಲೆಯ ಮೇಲೆ ಬೆಳಕು ಜಯ ಸಾಧಿಸಿತು' ಅನ್ನುವುದನ್ನು ನಾನು ಈಗಲೇ ಹೊಡೆದು ಹಾಕಿದ್ದೇನೆ.

ಮುಂದಿನ ಸಲ ಮೊದಲು ಕ್ಯಾಪ್ಶನ್ ಒಂದೂ ಇಲ್ಲದ ಪ್ರತಿ ಕಳಿಸಿ, ಬರೀ ಚಿತ್ರದ ವಿವರ ಮತ್ತು ಬಲೂನು. ಮಿಕ್ಸಿಯ ಸಾಲು ಮಾತ್ರ ಇರಲಿ. ಚೌತಿಯ ಒಳಗೆ ನನ್ನ ಕೈ ಸೇರಿದರೆ ಚಿತ್ರಕಾರರಿಗೆ ಸಮಯ ಸಿಗುತ್ತದೆ. ಎಂಟು ಪುಟ ನಿಮಗಾಗಿ ತೆಗೆದಿಟ್ಟಿರುತ್ತೇನೆ.

ಸಂಪಾದಕ