ಮೂಲ ಯಾವೂರು?

ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಹುಮಾಯೂನ್ ಖಾನ್ ಎಂಬ ಸೈನಿಕನಿಗೆ ಎರಡು ಪುಟ ಕೊಟ್ಟಿದ್ದೀರಿ. ಸತ್ತದ್ದು ಅಮೆರಿಕದ ಸೇನೆಯಲ್ಲಿ, ಮೂಲ ಪಾಕಿಸ್ತಾನ. ಮಲೆನಾಡಿನವರಿಗೆ ಅವನ ಕಥೆ ಯಾಕೆ? ನಮ್ಮ ಹುಡುಗರು ಸೇನೆಯಲ್ಲಿ ಇಲ್ಲವೇ?"

ಮೇಷ್ಟ್ರೇ, ಕೊನೆಯ ಮಾತು ಒಪ್ಪಿದೆ. ನಮ್ಮ ಹುಡುಗರ ಬಗ್ಗೆ ಇನ್ನೂ ಜಾಸ್ತಿ ಬರೆಯಬೇಕು, ಬರೆಯುತ್ತೇವೆ. ಆದರೆ ನಿಮ್ಮ ಪತ್ರದಲ್ಲಿ "ಮೂಲ" ಅಂತ ಒಂದು ಪದ ಇದೆಯಲ್ಲ, ಅದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ.

ಹುಮಾಯೂನ್ 1976ರಲ್ಲಿ ಅರಬ್ ಎಮಿರೇಟ್ಸ್‌ನಲ್ಲಿ ಹುಟ್ಟಿದ. ಚಿಕ್ಕವನಿದ್ದಾಗಲೇ ಮನೆಯವರು ಅಮೆರಿಕ ಸೇರಿದರು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ. ಮುಂದೆ ಲಾ ಓದುವ ಆಸೆಯಿತ್ತು. 2004ರ ಜೂನ್ 8, ಇರಾಕಿನ ಬಾಕುಬಾ. ಸೇನಾ ನೆಲೆಯ ಗೇಟಿನ ಕಡೆ ಒಂದು ಟ್ಯಾಕ್ಸಿ ಬರುತ್ತಿತ್ತು. ಅನುಮಾನ ಬಂತು. ಜೊತೆಗಿದ್ದ ಸೈನಿಕರಿಗೆ ಹಿಂದೆ ಸರಿಯಲು ಹೇಳಿ, ತಾನೊಬ್ಬನೇ ಅದರ ಕಡೆ ನಡೆದ. ಗಾಡಿ ಸಿಡಿಯಿತು. ಅವನಿಗೆ 27 ವರ್ಷ. ಇರಾಕ್ ಯುದ್ಧ ಸರಿಯಿತ್ತಾ ಅಂದರೆ, ಇಲ್ಲ ಅಂತಲೇ ಹೇಳುತ್ತೇನೆ. ಅದು ಬೇರೆ ಮಾತು. ಆರ್ಲಿಂಗ್ಟನ್‌ನಲ್ಲಿ ಇರುವ ಅಮೆರಿಕದ ಸೈನಿಕರ ಸ್ಮಶಾನದಲ್ಲಿ ಅವನ ಸಮಾಧಿಗಲ್ಲಿನ ಮೇಲೆ ಅರ್ಧಚಂದ್ರ, ನಕ್ಷತ್ರ ಕೆತ್ತಿದ್ದಾರೆ. 2016ರಲ್ಲಿ, ಅಮೆರಿಕದ ಚುನಾವಣೆಯ ಹೊತ್ತಿಗೆ ಮುಸ್ಲಿಮರು ದೇಶದೊಳಗೆ ಬರಕೂಡದು ಎಂಬ ಕೂಗು ಎದ್ದಾಗ, ಅವನ ಅಪ್ಪ ಖಿಜ್ರ್ ಖಾನ್ ವೇದಿಕೆ ಹತ್ತಿ ಜೇಬಿನಿಂದ ಸಂವಿಧಾನದ ಪುಟ್ಟ ಪುಸ್ತಕ ತೆಗೆದು ತೋರಿಸಿದರು. ಮಗನನ್ನೇ ಕೊಟ್ಟ ಮೇಲೂ ಕಾಗದ ತೋರಿಸಬೇಕು ನೋಡಿ.

ದೂರದ ಕಥೆ ಅಂತೀರಾ? ನಮ್ಮ ಮನೆ ಇರೋದು ಲಿಂಗನಮಕ್ಕಿ ಹಿನ್ನೀರಿನ ತಳದಲ್ಲಿ. 1964ರಲ್ಲಿ ಅಣೆಕಟ್ಟು ಮುಗಿಯಿತು. ಅದಕ್ಕೂ ಮೊದಲೇ ಅಜ್ಜ ಹಂಡೆ, ಒನಕೆ, ಒಂದು ಕರು ಲಾರಿಗೆ ಹೇರಿಕೊಂಡು ಶಿವಮೊಗ್ಗದ ಕಡೆ ಬಂದರು. ನಾಡಿಗೆಲ್ಲ ಕರೆಂಟು ಬಂತು. ನಮಗೆ ಬಂದದ್ದು "ಮುಳುಗಡೆಯವರು" ಅನ್ನೋ ಹೆಸರು. ನಾನು ಇಲ್ಲೇ ಹುಟ್ಟಿದವನು, ಆದರೂ ಶಾಲೆಯಲ್ಲಿ ಒಬ್ಬ ಮೇಷ್ಟ್ರು ಹಾಜರಿ ಕರೆಯುತ್ತಿದ್ದದ್ದು "ಏ ಮುಳುಗಡೆ" ಅಂತಲೇ. (ನೀವಲ್ಲ ಬಿಡಿ.) ಎಷ್ಟೋ ಕುಟುಂಬಗಳಿಗೆ ಉಳುವ ನೆಲದ ಹಕ್ಕುಪತ್ರ ಇವತ್ತಿಗೂ ಸಿಕ್ಕಿಲ್ಲ. ಈಗ ಅಸ್ಸಾಮಿನಿಂದ ಬಂದು ಮಲೆನಾಡಿನ ತೋಟಗಳಲ್ಲಿ ಕಾಫಿ ಕುಯ್ಯೋರನ್ನು ನಾವೇ ಅನುಮಾನದಿಂದ ನೋಡುತ್ತೇವೆ. ಕೊಯ್ಲಿನ ಹೊತ್ತಿಗೆ ಫೋನ್ ಮಾಡಿ ಕರೆಸೋರೂ ನಾವೇ, ಅಲ್ವಾ?

ಹಕ್ಕುಪತ್ರಕ್ಕಾಗಿ ಅಪ್ಪ ವರ್ಷಗಟ್ಟಲೆ ಒಂದು ಕಚೇರಿಗೆ ಅಲೆದರು. ಒಂದು ಸಲ ನಾನೂ ಜೊತೆಗಿದ್ದೆ. ಹೊಸದಾಗಿ ಬಂದಿದ್ದ ಗುಮಾಸ್ತ ತಲೆ ಎತ್ತದೆ, "ಮೂಲ ಯಾವೂರು? ಪುರಾವೆ ಏನಿದೆ?" ಅಂದ. ಅಪ್ಪ ಒದ್ದೆ ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ಬೇಸಿಗೆಯಲ್ಲಿ ಬನ್ನಿ ಸ್ವಾಮಿ. ನೀರು ಇಳಿದರೆ ನಮ್ಮ ಬಾವಿಕಟ್ಟೆ ಕಾಣುತ್ತೆ, ತೋರಿಸ್ತೀನಿ."